ಬೋಳು ಕಾರಿನ ಐದನೆಯ ಚಕ್ರ

ಅಮೀನಾಬಿಯವರೇ, ನಿಮ್ಮ ಯಜಮಾನರು ಬಾಷಾ ಸಾಹೇಬರು ಜಿಪುಣರಾಗಿರಲಿಲ್ಲ. ಅವರು ಕೊಂಡ ಕಾರಿಗೆ ಐದನೆಯ ಚಕ್ರ ಇತ್ತು. ಅದನ್ನು ಬಿಚ್ಚಿದವನು ನಾನು. ಇಲ್ಲವೆಂದು ಸುಳ್ಳು ಹೇಳಿದವನೂ ನಾನೇ.

ಈ ನಾಲ್ಕು ಮಾತು ಬರೆಯಲು ನನಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಉಳಿದದ್ದನ್ನೂ ಹೇಳಿಬಿಡುತ್ತೇನೆ — ತಡೆದರೆ ಮತ್ತೆ ಹೇಳಲಾರೆ.

ನಾನು ವೆಂಕಟಾಚಲ, ಮಾಲೂರಿನವನು. ಎರಡನೆಯ ಮಹಾಯುದ್ಧಕ್ಕೆ ಮೊದಲು ಕೋಲಾರದ ಒಂದು ಮೋಟಾರು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾರು ತೊಳೆಯುವುದು, ರಿಪೇರಿ ಮಾಡುವುದು, ಬಂದವರಿಗೆ ತೋರಿಸಿ ಮಾರುವುದು — ಎಲ್ಲ ನನ್ನದೇ. ಮೊದಲು ನಮ್ಮಲ್ಲಿಗೆ ಬರುತ್ತಿದ್ದದ್ದು ಪೂರ್ತಿ ಕಾರು: ತೊಗಲಿನ ಸೀಟು, ಥಳಥಳಿಸುವ ದೀಪ, ಒಳಗೊಂದು ಗಡಿಯಾರ. ಜನ ಬಂದು ಮುಟ್ಟಿ ನೋಡಿ ಹೋಗುತ್ತಿದ್ದರು, ಕೊಳ್ಳುತ್ತಿರಲಿಲ್ಲ. ಆಮೇಲೆ ಕಂಪನಿಯವರು ಅದೇ ಕಾರನ್ನು ಒಂದೊಂದಾಗಿ ಕಳಚಿ ಅಗ್ಗ ಮಾಡಿ ಕಳಿಸಿದರು. ತೊಗಲಿನ ಬದಲು ರೆಕ್ಸಿನ್, ಮಳೆ ಒರೆಸಲು ಎರಡರ ಬದಲು ಒಂದೇ ಕಡ್ಡಿ. ಬಂಪರ್ ಇಲ್ಲ, ಗಡಿಯಾರ ಇಲ್ಲ. ಥಳಥಳಿಸುತ್ತಿದ್ದ ಕಡೆಯಲ್ಲೆಲ್ಲ ಕಪ್ಪು ಬಣ್ಣ. ಎಂಜಿನ್ ಮಾತ್ರ ಅದೇ. ಊರವರು ಅದಕ್ಕೆ ಬೋಳು ಕಾರು ಎಂದು ಹೆಸರಿಟ್ಟರು. ಬೋಳು ಕಾರು ಬಂದ ಮೇಲೆಯೇ ನಮ್ಮ ಸೀಮೆಯಲ್ಲಿ ವ್ಯಾಪಾರದವರು ಕಾರು ಹತ್ತಿದ್ದು.

ಕಂಪನಿಯವರು ಏನೆಲ್ಲ ಕಳಚಿದರೂ ಹಿಂದೆ ನೇತುಹಾಕುವ ಸ್ಟೆಪ್ನಿ ಚಕ್ರವನ್ನು ಕಳಚಿರಲಿಲ್ಲ. ಅದು ಪಟ್ಟಿಯಲ್ಲೇ ಇತ್ತು. ನಾನು ಓದಿದ್ದೆ.

ಬಾಷಾ ಸಾಹೇಬರು ರೇಷ್ಮೆಗೂಡಿನ ವ್ಯಾಪಾರಕ್ಕೆ ಶ್ರೀನಿವಾಸಪುರದಿಂದ ಹುತ್ತೂರಿನ ಕಡೆಗೆಲ್ಲ ತಿರುಗುತ್ತಿದ್ದವರು. ಗೂಡು ಕೆಡುವುದರೊಳಗೆ ತಲುಪಿಸಬೇಕೆಂದು ಕಾರು ಕೊಂಡರು. ಅವರು ಬರುವ ಹಿಂದಿನ ದಿನ ಮುಳಬಾಗಿಲಿನ ಒಬ್ಬ ಜಮೀನ್ದಾರರ ದೊಡ್ಡ ಕಾರು ನಮ್ಮ ಅಂಗಡಿಯ ಮುಂದೆ ಟಯರು ಹರಿದು ನಿಂತಿತು. ಅದರ ಚಕ್ರಕ್ಕೂ ಬೋಳು ಕಾರಿನ ಚಕ್ರಕ್ಕೂ ಅಳತೆ ಒಂದೇ. ಅಂಗಡಿಯ ಯಜಮಾನರು, "ಸಾಬ್ರ ಕಾರಿಂದು ಬಿಚ್ಚಿ ಹಾಕಯ್ಯಾ. ಹದಿನೈದು ದಿನದಲ್ಲಿ ಬೇರೇದು ಬರ್ತದೆ ಅಂತ ಅವರಿಗೆ ಹೇಳು" ಎಂದರು. ಅಷ್ಟೇ. ಅವರು ಸುಳ್ಳು ಹೇಳು ಎನ್ನಲಿಲ್ಲ. ತಪ್ಪನ್ನು ಅವರ ಮೇಲೆ ಹಾಕಲು ನನಗೆ ದಾರಿಯಿಲ್ಲ.

ಮಾರನೆಯ ಬೆಳಿಗ್ಗೆ ಸಾಹೇಬರು ನಿಮ್ಮ ಮಗಳು ನೂರಿಯನ್ನು ಎತ್ತಿಕೊಂಡೇ ಬಂದರು. ಆಗ ಅವಳಿಗೆ ಇನ್ನೂ ನಡಿಗೆ ಸರಿಯಾಗಿ ಬಂದಿರಲಿಲ್ಲ. ಅವರು ಕಾರಿನ ಸುತ್ತ ನಡೆಯುತ್ತ ಒಂದೊಂದೇ ಕೇಳಿದರು. ಗಡಿಯಾರ? ಬರಲ್ಲ ಸಾಬ್ರೇ. ಬಂಪರ್? ಬರಲ್ಲ. ಆ ಕಡೆ ಕಡ್ಡಿ? ಅದೂ ಬರಲ್ಲ. ಹಿಂದಕ್ಕೆ ಬಂದು ಚಕ್ರವಿಲ್ಲದ ಕೊಂಡಿಯನ್ನು ಮುಟ್ಟಿದರು.

"ಇಲ್ಲೇನೋ ಇರಬೇಕಲ್ಲಪ್ಪಾ?"

"ಈ ಮಾಡೆಲ್‌ಗೆ ಸ್ಟೆಪ್ನಿ ಬರಲ್ಲ ಸಾಬ್ರೇ."

ನನ್ನ ನಾಲಿಗೆ ಅದೇ ಜಾಡಿನಲ್ಲಿ ಓಡಿಬಿಟ್ಟಿತ್ತು. ಆಗಲೇ ತಿದ್ದಿಕೊಳ್ಳಬಹುದಿತ್ತು. ಆದರೆ ಹದಿನೈದು ದಿನದ ಮಾತೆತ್ತಿದರೆ ಯಾಕೆ, ಏನು ಎಂದು ಕೇಳುತ್ತಾರೆ, ಯಜಮಾನರನ್ನು ಕರೆಸುತ್ತಾರೆ — ಸುಮ್ಮನೆ ಯಾಕೆ ತಲೆನೋವು ಎಂದುಕೊಂಡೆ. "ಹಂಗಾದ್ರೆ ಬೇರೆ ಒಂದು ತಗೊಳ್ಳಲಾ?" ಎಂದೂ ಕೇಳಿದರು. "ಬೇಡ ಬಿಡಿ ಸಾಬ್ರೇ, ಹೊಸ ಟಯರು. ಪಂಚರ್ ಆದ್ರೆ ಪ್ಯಾಚ್ ಹಾಕಿದ್ರಾಯ್ತು" ಎಂದೆ. ಅವರು ನಂಬಿದರು. ನಾನು ಹೇಳಿದ್ದನ್ನೆಲ್ಲ ಅವರು ನಂಬುತ್ತಿದ್ದರು.

ಬದಲಿ ಚಕ್ರ ಹೇಳಿದ ದಿನಕ್ಕೇ ಬಂತು. ಗೋದಾಮಿನ ಗೋಡೆಗೆ ನೇತುಹಾಕಿದೆ. ಕೊಡಬೇಕಾದರೆ ನನ್ನ ಸುಳ್ಳು ಒಪ್ಪಿಕೊಳ್ಳಬೇಕು. ಮುಂದಿನ ವಾರ, ಮುಂದಿನ ಸಲ ಸಾಹೇಬರು ಬಂದಾಗ... ಹೀಗೇ ಆರೇಳು ತಿಂಗಳು. ಕೊನೆಗೆ ಅದನ್ನು ಯಾರಿಗೋ ಮಾರಿದೆವು. ಅದು ಹೋದ ದಿನ ನನಗೆ ಹಗುರವಾಯಿತು, ಅಮೀನಾಬಿ. ಇದನ್ನೂ ಬರೆಯಲೇಬೇಕು.

ಆಮೇಲೆ ಯುದ್ಧ ಬಂತು. ಪೇಟೆಯಲ್ಲಿ ಟಯರು ಸಿಗದಾಯಿತು. ಇದ್ದವರು ಇದ್ದದ್ದನ್ನೇ ಹೊಲಿದು, ತೇಪೆ ಹಾಕಿ ಓಡಿಸಿದರು. ನೂರಿಗೆ ಉಸಿರು ಕಟ್ಟಿಸುವ ಗಂಟಲಮಾರಿ ರೋಗ ಬಂದದ್ದು ಆಗ. ಆ ಮಧ್ಯಾಹ್ನ ನೀವು ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕಾರಿನಲ್ಲಿ ಕೂತಿದ್ದಿರಿ. ಕೋಲಾರದ ಆಸ್ಪತ್ರೆ ಇನ್ನೂ ಆರು ಮೈಲಿ ಇರುವಾಗ ಹಿಂದಿನ ಟಯರು ಸಿಡಿಯಿತು. ತೇಪೆ ಹಾಕಲು ಅದರಲ್ಲಿ ಏನೂ ಉಳಿದಿರಲಿಲ್ಲ. ಬಿಸಿಲಿನಲ್ಲಿ ಎತ್ತಿನ ಗಾಡಿ ಸಿಕ್ಕಿ, ಅದು ಊರು ಮುಟ್ಟಿ... ನಿಮಗೆ ಗೊತ್ತಿರುವುದನ್ನು ನಾನು ಬರೆಯಲಾರೆ. ಒಂದು ಗಂಟೆ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಮಾತು ಶುರುಮಾಡಿ ನಿಲ್ಲಿಸಿದರಂತೆ. ಬಂದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ, ನನಗೆ ತಿಳಿಯದು. ಅದರಲ್ಲಿ ಸಮಾಧಾನ ಹುಡುಕುವ ಹಕ್ಕೂ ನನಗಿಲ್ಲ.

ಸುದ್ದಿ ತಿಳಿದು ನಿಮ್ಮ ಮನೆಗೆ ಬಂದೆ. ಸಾಹೇಬರು ಜಗಲಿಯ ಮೇಲೆ ಕೂತಿದ್ದರು. "ನಾನೇ ಕಣಪ್ಪಾ," ಎಂದರು. "ಬೋಳುದು ಸಾಕು ಅಂದೆ. ಪೂರ್ತಿದು ತಗೊಂಡಿದ್ರೆ ಸ್ಟೆಪ್ನಿ ಇರ್ತಿತ್ತು." ಒಳಗಿನಿಂದ, ಪರದೆಯ ಹಿಂದಿನಿಂದ, ನಿಮ್ಮ ದನಿ ಬಂತು: "ಮಗಳಿಗಿಂತ ಕಾಸು ದೊಡ್ಡದಾಯ್ತು ಅವರಿಗೆ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಯಾರೋ ಚಹಾ ತಂದುಕೊಟ್ಟರು. ಕುಡಿದೆ. ಎದ್ದು ಬಂದೆ.

ಆ ಮೇಲೆ ನೀವು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲವೆಂದು ಊರೆಲ್ಲ ಹೇಳುತ್ತಿತ್ತು. ಅವರು ಏನು ಕೊಂಡರೂ ಅಂಗಡಿಯಲ್ಲಿ ಅತಿ ದುಬಾರಿಯದನ್ನೇ ಕೊಳ್ಳುತ್ತಿದ್ದರು — ಲಾಟೀನು, ಬೀಗ, ಕೊನೆಗೆ ಕೊಡೆಯನ್ನೂ. ಆ ಹೊತ್ತಿಗೆ ನಾನು ಮುಳಬಾಗಿಲಿನಲ್ಲಿ ಒಂದು ಬಸ್ಸಿನ ಕೆಲಸಕ್ಕೆ ಸೇರಿದ್ದೆ. ಒಮ್ಮೆ ಪೇಟೆಯಲ್ಲಿ ಎದುರಾದರು. ಬಹಳ ಇಳಿದುಹೋಗಿದ್ದರು. ನನ್ನ ಕೈ ಹಿಡಿದುಕೊಂಡು, "ಎಲ್ರೂ ಅಂದ್ರು ಕಣೋ ವೆಂಕಟಾಚಲ. ನೀನೊಬ್ಬನೇ ನನ್ನ ಒಂದು ಮಾತು ಅನ್ನದೇ ಇದ್ದೋನು" ಎಂದರು. ಅವರ ಕಣ್ಣಲ್ಲಿ ಕೃತಜ್ಞತೆ ಇತ್ತು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಯಿತು, ಬರ್ತೀನಿ ಸಾಬ್ರೇ, ಎಂದೆ. ಬಸ್ಸು ಹೊರಡಲು ಇನ್ನೂ ಬಹಳ ಹೊತ್ತಿತ್ತು.

ಎರಡು ವರ್ಷದಲ್ಲಿ ಅವರು ಹೋದರು. ಮಣ್ಣಿಗೆ ನಾನು ಬರಲಿಲ್ಲ.

ಅಂಚೆಗೆ ಹಾಕಲೆಂದು ಇದನ್ನು ಬರೆಯಲು ಕೂತೆ. ಆದರೆ ನಿಮಗೆ ಕನ್ನಡ ಓದಲು ಬಾರದು. ಬೇರೆ ಯಾರೋ ನಿಮಗೆ ಓದಿ ಹೇಳುವುದು, ನಾನು ಇಲ್ಲಿ ದೂರ ಕೂತಿರುವುದು — ಅದು ಮತ್ತೊಂದು ತಪ್ಪಿಸಿಕೊಳ್ಳುವಿಕೆ. ಶುಕ್ರವಾರ ಬೆಳಗಿನ ಬಸ್ಸಿಗೆ ಶ್ರೀನಿವಾಸಪುರಕ್ಕೆ ಬರುತ್ತೇನೆ. ನಿಮ್ಮೆದುರು ನಿಂತು ನಾನೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅದು ನೀವು ಒಬ್ಬರೇ ಕೊಡುವಂಥದ್ದೂ ಅಲ್ಲ. ಓದಿ ಮುಗಿದ ಮೇಲೆ ನೀವು ಏನೂ ಹೇಳಬೇಕಾಗಿಲ್ಲ. ಸಾಹೇಬರ ಗೋರಿ ಯಾವುದೆಂದು ತೋರಿಸಲು ಯಾರನ್ನಾದರೂ ಜೊತೆಗೆ ಕಳಿಸಿ, ಅಷ್ಟು ಸಾಕು.

ಅಲ್ಲಿಯೂ ಒಂದು ಸಲ, ಗಟ್ಟಿಯಾಗಿ, ಓದಬೇಕಾಗಿದೆ.