ನೀಲಿ ಹಾಳೆ ಹಸಿರಾದ ಶುಕ್ರವಾರ

ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್‌ನಲ್ಲಿ ಮಂಗಳೂರಿನಿಂದ ರೈಲು ಹತ್ತಿದೆ. ಮಡಿಲಲ್ಲಿ ಸಣ್ಣ ಡಬ್ಬಿ, ಅದರೊಳಗೆ ನಾನೇ ತಯಾರಿಸಿದ ಪಾಲಿಮರಿನ ತೆಳುವಾದ ನೀಲಿ ಹಾಳೆ. ಅದು ವಿದ್ಯುತ್ ಹರಿಯಗೊಡುವುದಿಲ್ಲ. ಚೆನ್ನೈನ ಯಂತ್ರದಲ್ಲಿ ಅಯಾನು ಕಿರಣ ಬಿದ್ದಷ್ಟು ಜಾಗ ಮಾತ್ರ ಹರಿಸೀತೆಂಬುದು ನನ್ನ ಪಿಎಚ್‌ಡಿಯ ಕನಸು. ಯಂತ್ರ ಸಿಗುವುದು ಶುಕ್ರವಾರ ಮಧ್ಯಾಹ್ನ. ತಪ್ಪಿದರೆ ಮುಂದಿನ ವರ್ಷ. ತೂಕಡಿಕೆಯಲ್ಲಿ ಕಿಟಕಿಯಾಚೆಯ ಬಯಲೆಲ್ಲ ನೀಲಿಯಾಗಿ ಕಂಡಿತು.

ಗುರುವಾರ ಟಿ. ನಗರದಲ್ಲಿ ಸೋದರಮಾವನ ಹೋಟೆಲಿನ ಹಿಂದಿನ ಮನೆ ಸೇರಿದೆ. ಅಂಗಿ ಮೈಗಂಟುವ ಸೆಕೆ. ಅತ್ತೆ ನೀರುದೋಸೆ ಬಡಿಸಿದರು. ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟು ಮಲಗಿದೆ.

ಬೆಳಿಗ್ಗೆ ಡಬ್ಬಿ ಹುಡುಕಿ ನೋಡಿದರೆ ಹಾಳೆ ಹಸಿರು. ಅತ್ತೆಯ ಬಳಿಗೆ ಓಡಿದೆ.

“ಕೆಮಿಕಲ್ ಅಂತ ಹೇಳಿದೆಯಲ್ಲ ಮಗಾ, ದೇವರ ಹತ್ತಿರ ಬೇಡ ಅಂತ ಬಚ್ಚಲಿನ ಕಿಟಕಿಯಲ್ಲಿ ಇಟ್ಟೆ,” ಎಂದರು ಅತ್ತೆ. “ಡಬ್ಬಿ ಬೆವರಿತ್ತು, ಮುಚ್ಚಳ ತೆಗೆದೆ. ಎಂತ ಆಯ್ತು?”

ಶುಕ್ರವಾರವೆಂದು ಬಚ್ಚಲನ್ನು ಆಸಿಡ್ ಹಾಕಿ ತೊಳೆದಿದ್ದರು. ಆ ಹೊಗೆ ಹಾಳೆಗೆ ತಾಗಿ, ಕಿರಣ ಮಾಡಬೇಕಾದ ಕೆಲಸವನ್ನು ಮೊದಲೇ ಮುಗಿಸಿತ್ತು. ಈಗ ಇಡೀ ಹಾಳೆಯೇ ವಿದ್ಯುತ್ ಹರಿಸುತ್ತದೆ. ಕಿರಣದ್ದೆಂದು ತೋರಿಸಲು ಏನೂ ಉಳಿಯುವುದಿಲ್ಲ. ಸಿಟ್ಟು ಬಂತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ.

ಹತ್ತಿರದ ಮಾಂಬಲಂ ನಿಲ್ದಾಣದಿಂದ ಎಲೆಕ್ಟ್ರಿಕ್ ರೈಲು. ಕ್ರೋಂಪೇಟೆಯಲ್ಲಿ ಹದಮಾಡುವ ಚರ್ಮದ ವಾಸನೆ ಬಿಸಿಗಾಳಿಯೊಡನೆ ಒಳಗೆ ಬಂತು. ಅದರಾಚೆಯ ಪ್ರಯೋಗಾಲಯದಲ್ಲಿ ಯಂತ್ರ ನಡೆಸುವವರು ವರದರಾಯರು, ಕನ್ನಡಿಗರಾದರೂ ಅಜ್ಜನ ಕಾಲದಿಂದ ಮದರಾಸಿನವರು. ಆಸಿಡ್ ಹೋಗಲು ಹಾಳೆಯನ್ನು ಅಮೋನಿಯಾ ನೀರಿನಲ್ಲಿ ಅದ್ದುತ್ತೇನೆ, ಆದರೆ ಒಣಗಲು ಹೊತ್ತು ಬೇಕು ಎಂದೆ.

“ಊಟ ಅಪ್ಪುರಂ, ಆಮೇಲೆ ಮಾಡಿದ್ರಾಯ್ತು,” ಎಂದರು ರಾಯರು. “ನೀವು ನಿಧಾನವಾ ಒಣಗಿಸಿಕೊಳ್ಳಿಮ್ಮ.”

ಹಸಿರು ಮೆಲ್ಲಗೆ ಕರಗಿ ನೀಲಿ ಮರಳಿತು. ಯಂತ್ರದ ಗಾಜಿನ ಕಿಂಡಿಯಲ್ಲಿ ಹಾಳೆಯ ನಡುವೆ ಮಸುಕು ಬೆಳಕೊಂದು ನಿಂತಿತ್ತು. ಅದನ್ನು ನೋಡುತ್ತ ಹಸಿವು, ಊರು ಎರಡೂ ಮರೆತುಹೋದವು. ಆಮೇಲೆ ಮೀಟರಿನ ತಂತಿಗಳನ್ನು ನೀಲಿಗೆ ತಾಗಿಸಿದೆ, ಮುಳ್ಳು ಕದಲಲಿಲ್ಲ. ಕಿರಣ ಬಿದ್ದು ಕಪ್ಪಾದಲ್ಲಿ ತಾಗಿಸಿದೆ, ಕದಲಿತು. ಕಣ್ಣು ತುಂಬಿ ಬಂತು.

ಸಂಜೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ಬೆಳಗಿನಿಂದ ಅವರು ಊಟ ಮಾಡಿಲ್ಲವೆಂದು ಮಾವ ಹೇಳಿದರು. ಡಬ್ಬಿ ತೆರೆದು ತೋರಿಸಿದೆ. ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡೇ ಬಗ್ಗಿ ನೋಡಿದರು. ನೀಲಿಯ ನಡುವೆ ಕಪ್ಪು ಬೊಟ್ಟು ಕಂಡು ಅವರ ಮುಖ ಸಪ್ಪಗಾಯಿತು.

“ಈ ಕಲೆಯೂ ನನ್ನಿಂದ ಆದದ್ದಾ ಮಗಾ?”

“ಅಲ್ಲ ಅತ್ತೆ. ಇದಕ್ಕೇ ನಾನು ಇಲ್ಲಿವರೆಗೆ ಬಂದದ್ದು.”