ಸಾಹೇಬರ ದನಿಯಲ್ಲಿ ನಾನು ಹಬ್ಬಿಸಿದ ಜ್ವರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬೇಸಿಗೆಯ ಡೆಂಗಿಯನ್ನು ಅರ್ಧ ಸೊಳ್ಳೆ ಹಬ್ಬಿಸಿತು, ಉಳಿದರ್ಧ ನಾನು. ಸೊಳ್ಳೆಗೆ ಸಂಬಳವಿರಲಿಲ್ಲ, ನನಗಿತ್ತು.

ಎರಡು ವರ್ಷದ ಹಿಂದಿನ ಮಾತು. ಆರೋಗ್ಯ ನಿರೀಕ್ಷಣಾಧಿಕಾರಿಯಾಗಿದ್ದ ನನಗೆ ಗಂಗಾವತಿಯ ಕಾಲುವೆ ಸೀಮೆಯಿಂದ ಕುಷ್ಟಗಿ ಕಡೆಯ ಒಂದು ದೊಡ್ಡ ಊರಿಗೆ ವರ್ಗವಾಗಿತ್ತು. ಊರಿನ ಹೆಸರು ಬೇಡ, ಅಲ್ಲಿನವರು ನನ್ನನ್ನು ಕಂಡರೆ ಇನ್ನೂ ನಗುತ್ತಾರೆ. ವರ್ಷವಿಡೀ ಗದ್ದೆಯಲ್ಲಿ ನೀರು ನಿಲ್ಲುವ ನಾಡಿನಲ್ಲಿ ಸೊಳ್ಳೆ ಹೊಡೆದು ಬಂದವನಿಗೆ ಈ ಒಣ ನೆಲ ಕಂಡು ಖುಷಿಯೋ ಖುಷಿ. ಚರಂಡಿಗಳೇ ಬಿರಿದು ಬಾಯಿ ತೆರೆದಿದ್ದವು. ‘ಇಲ್ಲಿಗೆ ಬರೋ ಸೊಳ್ಳಿ ಛತ್ರಿ ಹಿಡಕೊಂಡು ಬರಬೇಕು’ ಎಂದು ಆಶಾ ಕಾರ್ಯಕರ್ತೆ ಶರಣಮ್ಮನ ಮುಂದೆ ಜಂಬ ಕೊಚ್ಚಿದ್ದೆ.

ಏಪ್ರಿಲ್‌ನಲ್ಲಿ ಒಂದೇ ಓಣಿಯ ನಾಲ್ವರಿಗೆ ಡೆಂಗಿ ಖಚಿತವಾಯಿತು. ಗೋಡೆಗೆ ಗೋಡೆ ಅಂಟಿಕೊಂಡ ನಲವತ್ತು ಮನೆಗಳು, ಒಂದೊಂದರಲ್ಲೂ ಏಳೆಂಟು ಜನ. ಇಂಥ ಕಡೆ ಲಾರ್ವಾ ಸರ್ವೆ ಮಾಡಬೇಕು. ಅಂದರೆ ಮನೆಮನೆಯ ನೀರಿಗೆ ಟಾರ್ಚ್ ಬಿಟ್ಟು ಸೊಳ್ಳೆಮರಿ ಹುಡುಕಬೇಕು. ಸರ್ವೆಗೆ ಮೊದಲು ಆಟೋದಲ್ಲಿ ಮೈಕ್ ಕಟ್ಟಿಕೊಂಡು ಪ್ರಚಾರ.

ಮೈಕ್ ಕೈಗೆ ಬಂದರೆ ನನ್ನ ನಾಲಿಗೆ ನನ್ನದಾಗಿರುವುದಿಲ್ಲ. ನಮ್ಮ ತಾಲ್ಲೂಕು ಆರೋಗ್ಯಾಧಿಕಾರಿ ಸಾಹೇಬರದು ಮೂಗಿನಿಂದ ಹೊರಡುವ ಗಡಸು ದನಿ. ಅದನ್ನೇ ನಕಲು ಹೊಡೆದೆ. “ಯಾರ ಮನಿ ನೀರಾಗ ಹುಳಾ ಸಿಗ್ತಾವೋ, ಅವರ ಡ್ರಮ್ಮು ಓಣ್ಯಾಗ ಉರುಳಸ್ತೀನಿ! ತಿಳೀತಿಲ್ಲೋ?” ಆಟೋದವನು ನಕ್ಕು ನಕ್ಕು ಬ್ರೇಕ್ ಹಾಕಿದ. ನನಗೂ ಹೆಮ್ಮೆಯೆನಿಸಿತು.

ಮರುದಿನ ಸರ್ವೆ. ಅಂಗಳದ ಬಕೆಟ್, ಕೊಡ ಎಲ್ಲ ನೋಡಿದೆವು. ಒಂದು ಹುಳವೂ ಇಲ್ಲ! ಅದೇ ವಾರ ಮತ್ತೆ ಐವರಿಗೆ ಜ್ವರ. ಹೊಗೆ ಹೊಡೆದೆವು, ಕೆಮ್ಮು ಬಂತು, ಜ್ವರ ಹೋಗಲಿಲ್ಲ. ಎರಡನೇ ಸರ್ವೆಯಲ್ಲೂ ಸೊನ್ನೆ. ಹೊರಗೆ ನಲವತ್ತು ಡಿಗ್ರಿ ಮೀರಿದ ಬಿಸಿಲಿನಲ್ಲಿ ಸೊಳ್ಳೆ ಸೀದು ಸಾಯಬೇಕಿತ್ತು. ನೀರಿಲ್ಲದ ಊರಿನಲ್ಲಿ ನೀರಿನ ಹುಳದ ಕಾಟ. ರೋಗಿಗಳು ಪರವೂರಿಗೆ ಹೋಗಿ ಬಂದರೇ ಎಂದು ಕೇಳಿದರೆ, ಓಣಿ ಬಿಟ್ಟು ಕದಲಿದವರೇ ಇಲ್ಲ. ನನ್ನ ರಿಪೋರ್ಟು ನನಗೇ ಅರ್ಥವಾಗುತ್ತಿರಲಿಲ್ಲ.

“ಸರ, ನಿಮ್ ಟಾರ್ಚಿಗೆ ಸೆಲ್ ಹಾಕೀರಿಲ್ಲೋ?” ಎಂದಳು ಶರಣಮ್ಮ.

ಆಗಲೇ ಶಬಾನಾಗೆ ಜ್ವರ ಬಂದದ್ದು. ಕೌದಿ ಹೊಲಿಯುವ ಮಾಬೂಬಿ ಚಾಚಿಯ ಸೊಸೆ, ಏಳು ತಿಂಗಳ ಬಸುರಿ. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಎರಡೇ ದಿನದಲ್ಲಿ ಮೂವತ್ತೆಂಟು ಸಾವಿರಕ್ಕೆ ಇಳಿಯಿತು. ಕನಿಷ್ಠ ಒಂದೂವರೆ ಲಕ್ಷ ಇರಬೇಕಾದದ್ದು. ಆಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ ಕಳಿಸಿದೆವು. ತಾಯಿ ಉಳಿದಾಳೋ, ಮಗು ಉಳಿದೀತೋ, ಯಾರಿಗೂ ಹೇಳಲಾಗಲಿಲ್ಲ.

ಅವಳ ಬಟ್ಟೆ ಗಂಟು ತರಲು ಚಾಚಿಯ ಜೊತೆ ಒಳಕೋಣೆಗೆ ಕಾಲಿಟ್ಟೆ. ಕತ್ತಲು, ತಂಪು. ಮಂಚದ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಕೆಳಗೆ ಬಾಯಿ ತೆರೆದ ಮೂರು ಗಿಡ್ಡ ಡ್ರಮ್ಮು. ಟಾರ್ಚ್ ಬಿಟ್ಟೆ. ಹುಳಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ಮೇಲಿನ ಹಾಸಿಗೆ ಶಬಾನಾಳದ್ದು.

“ಚಾಚಿ, ಇವು ಇಲ್ಲಿ ಯಾಕದಾವ?”

“ದೊಡ್ಡ ಸಾಹೇಬ್ರು ಮೈಕಿನ್ಯಾಗ ಉರುಳಸ್ತೀನಿ ಅಂದ್ರಲ್ಲೋ ತಮ್ಮಾ! ಇಡೀ ಓಣಿ ಒಳಗ ಇಟ್ಟೈತಿ.”

ಕಾಲುವೆ ಸೀಮೆಯ ಗದ್ದೆ ಸೊಳ್ಳೆಯೇ ಬೇರೆ; ಡೆಂಗಿಯ ಈಡಿಸ್ ಸೊಳ್ಳೆಗೆ ಮನೆಯೊಳಗೆ ಕೂಡಿಟ್ಟ ತಿಳಿನೀರೇ ಬೇಕು. ಬೇಸಿಗೆಯ ಸೆಕೆಯಲ್ಲಿ ಮೊಟ್ಟೆ ಎಂಟೇ ದಿನಕ್ಕೆ ಸೊಳ್ಳೆಯಾಗುತ್ತದೆ, ಅದರ ಹೊಟ್ಟೆಯಲ್ಲಿ ವೈರಸ್ಸೂ ಬೇಗ ಬಲಿಯುತ್ತದೆ. ಹೆಚ್ಚು ದೂರ ಹಾರದ ಪ್ರಾಣಿ. ಆದರೆ ಆ ಓಣಿಯಲ್ಲಿ ಹಾರಬೇಕಾದ ದೂರವಾದರೂ ಎಷ್ಟು? ಒಂದು ಗೋಡೆ. ಬಿಸಿಲಿಗೆ ಸಾಯಬೇಕಿದ್ದ ಸೊಳ್ಳೆಗೆ ನನ್ನ ನಕಲು ದನಿ ನೆರಳು ಹುಡುಕಿಕೊಟ್ಟಿತ್ತು.

ಸಂಜೆಯೊಳಗೆ ನಲವತ್ತೂ ಮನೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಡ್ರಮ್ಮು ತಿಕ್ಕಿ, ಮತ್ತೆ ತುಂಬಿದೆವು. ಒಂದು ಕೊಡವನ್ನೂ ಚೆಲ್ಲಲಿಲ್ಲ. ಚಾಚಿ ಹಳೆ ಸೀರೆಗೆ ಲಾಡಿ ಪೋಣಿಸಿ ಡ್ರಮ್ಮಿಗೆ ಟೊಪ್ಪಿಗೆ ಹೊಲಿದರು. ಹೊಲಿಯುವಾಗಲೂ ಕಿವಿ ಕೊಪ್ಪಳದ ಫೋನಿನ ಕಡೆಗೇ. ಆರನೇ ದಿನ ಶಬಾನಾಳ ಪ್ಲೇಟ್‌ಲೆಟ್ ಏರಿತು. ಮಗು ಹೊಟ್ಟೆಯಲ್ಲಿ ಒದೆಯುತ್ತಿದೆ ಎಂದು ಸುದ್ದಿ ಬಂತು. ಹತ್ತನೇ ದಿನ ಅವಳು ಮನೆಗೆ ಬಂದಳು.

ಅದೇ ದಿನ ನಿಜವಾದ ಸಾಹೇಬರೂ ಬಂದರು, ಊರಿಗೆ ನಳದ ನೀರು ಬಿಡಿಸುವ ಪಂಚಾಯ್ತಿಯ ಪಿಡಿಒ ಅವರನ್ನೂ ಕರೆದುಕೊಂಡು. ನೀರು ಬಚ್ಚಿಟ್ಟ ಮನೆಗಳಿಗೆ ನೋಟಿಸ್ ಕೊಡುವುದು ಅವರ ಯೋಚನೆ, ಮೊದಲ ಹೆಸರು ಚಾಚಿಯದು. ಮೈಕಿನ ಕಥೆ ಹೇಳಲೇಬೇಕಾಯಿತು. “ಸರ್, ಆ ದನಿ ನಂದ್ರಿ.” ಅವರು ನನ್ನನ್ನು ನೋಡಿದ ನೋಟವನ್ನು ನಕಲು ಮಾಡಲು ನನಗೆ ಇಂದಿಗೂ ಬಂದಿಲ್ಲ.

ಹೆದರಿದವರು ರೋಗವನ್ನು ಮೊದಲು ನಮ್ಮಿಂದಲೇ ಮುಚ್ಚಿಡುತ್ತಾರೆ. ನೌಕರಿ ನನಗೆ ಕಲಿಸಿದ್ದು ಇದು. ಆದರೆ ಸಾಹೇಬರ ಸಿಟ್ಟು ಇಳಿದಿರಲಿಲ್ಲ. “ಅದಿರ್ಲಿ. ಎಂಟ ದಿನ ನೀರು ಇಟ್ರ ಸೊಳ್ಳಿ ಆಗ್ತಾವಂತ ಇವರಿಗಾದ್ರೂ ತಿಳೀಬಾರ್ದೇನು?” ಎಂದು ಚಾಚಿಯ ಕಡೆ ತಿರುಗಿದರು. ಚಾಚಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಒಂದೇ ಮಾತು ಹೇಳಿದರು. ನೋಟಿಸು ಚೀಲದಿಂದ ಹೊರಬರಲಿಲ್ಲ, ಮುಂದಿನ ತಿಂಗಳಿಂದ ಆ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಳದ ನೀರು ಬಂತು. ಆ ಮಾತು ಇದು:

“ನಳಾನೂ ಎಂಟ ದಿನಕ್ಕ ಬರ್ತೈತಿ, ಸೊಳ್ಳಿನೂ ಎಂಟ ದಿನಕ್ಕ ಬರ್ತೈತಿ ಸಾಹೇಬ್ರ. ಸೊಳ್ಳಿಗೆ ತಡಾ ಮಾಡು ಅಂತ ನಾ ಹೇಳಾಕ ಆಗಂಗಿಲ್ಲ. ನಳಕ್ಕ ಲಗೂ ಬಾ ಅಂತ ನೀವು ಹೇಳ್ರಲ್ಲ?”