ಬಿಸಿ ಚಕ್ರದ ಗಾಳಿ

ಓಡಿ ಬಂದ ಬಿಸಿ ಚಕ್ರದಿಂದ ಗಾಳಿ ಇಳಿಸುವುದಿಲ್ಲ, ಯಾರು ಕೇಳಿದರೂ ಇಳಿಸುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಕೆಲಸಕ್ಕೆ ಸೇರುವ ಹಿಂದಿನ ದಿನ ಈ ಹೆಂಗಸು ತಮ್ಮ ಅತ್ತಿಗೆಗೆ ಕೊಟ್ಟ ಮಾತು ಇದು. ಹನ್ನೊಂದು ವರ್ಷವಾಯಿತು.

ಈಗಷ್ಟೇ ಬೆಳಕು ಹರಿಯುತ್ತಿದೆ. ಬಂಕಿನ ಮೂಲೆಯಲ್ಲಿ, ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡು ಆಕೆ ಮಂಡಿಯೂರಿದ್ದಾರೆ. ಎಲ್ಲರಿಗೂ ಅವರು 'ಗಾಳಿ ಅಕ್ಕ'. ಗಾಳಿ ಅಳೆಯುವ ಮೀಟರಿಗಿಂತ ಮೊದಲು ಅಂಗೈ. ಟೈರಿನ ಪಕ್ಕವನ್ನು ಸುತ್ತ ಸವರುತ್ತಾರೆ. ಉಬ್ಬೋ ಸೀಳೋ ಸಿಕ್ಕಲ್ಲಿ ಕೈ ನಿಲ್ಲುತ್ತದೆ. "ಇದನ್ನ ಬದಲಾಯಿಸಿ ಸಾರ್, ಗಾಳಿ ಹಾಕಿ ಪ್ರಯೋಜನ ಇಲ್ಲ" ಎನ್ನುತ್ತಾರೆ. ಕೆಲವರು ತಲೆಯಾಡಿಸುತ್ತಾರೆ. ಹೆಚ್ಚಿನವರು ಫೋನ್ ನೋಡುತ್ತಿರುತ್ತಾರೆ.

ದಿನಕ್ಕೆ ಮುನ್ನೂರು ಚಕ್ರಗಳಾದರೂ ಆಗುತ್ತವೆ. ಮಂಡಿಯ ಚರ್ಮ ಕಪ್ಪಾಗಿ ಗಟ್ಟಿಯಾಗಿದೆ. ಎದ್ದು ನಿಲ್ಲಲು ಕಾರಿನ ಬಾಗಿಲು ಹಿಡಿದರೆ ಬೈಯುವವರೂ ಇದ್ದಾರೆ, ಹಾಗಾಗಿ ನೆಲಕ್ಕೇ ಕೈಯೂರಿ ಏಳುತ್ತಾರೆ.

ಅಕ್ಕನ ಅಣ್ಣ, ಅತ್ತಿಗೆಯ ಗಂಡ, ಬಾಡಿಗೆ ಕಾರು ಓಡಿಸುತ್ತಿದ್ದರು. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಓಡಿ ಬಂದ ಗಾಡಿಗೆ ಮೀಟರು ಹೆಚ್ಚು ತೋರಿಸಿತು. ಒಡೆದೀತೆಂಬ ಭಯಕ್ಕೆ ಗಾಳಿ ಇಳಿಸಿಕೊಂಡರು. ಮಾರನೆಯ ದಿನ ನಸುಕಿನಲ್ಲೇ ಜನ ತುಂಬಿಕೊಂಡು ಹೊರಟರು. ಹಿಂದಿನ ಚಕ್ರ ದಾರಿಯಲ್ಲಿ ಸಿಡಿಯಿತು. ಅಣ್ಣ ಮನೆಗೆ ಬರಲಿಲ್ಲ.

"ಬಿಸಿಗೆ ಏರಿದ್ದು ತಣ್ಣಗಾದ್ರೆ ತಾನೇ ಇಳಿಯುತ್ತೆ" ಎಂದು ಅಕ್ಕ ವಿವರಿಸುತ್ತಾರೆ. "ನಾವು ಬಿಟ್ಟುಬಿಟ್ರೆ ಬೆಳಿಗ್ಗೆ ಕಡಿಮೆ ಬೀಳುತ್ತೆ. ಕಡಿಮೆ ಗಾಳೀಲಿ ಭಾರ ಹೊತ್ತು ಓಡಿದ್ರೆ ಟೈರಿನ ಪಕ್ಕ ಮಡಚಿ ಮಡಚಿ ಕಾಯುತ್ತೆ. ಒಂದು ತಂತಿ ಹಿಂದೆ ಮುಂದೆ ಬಗ್ಗಿಸ್ತಾ ಇರಿ, ಕೈ ಸುಡುತ್ತೆ, ಆಮೇಲೆ ತುಂಡಾಗುತ್ತೆ. ಹಾಗೇನೇ."

ಅತ್ತಿಗೆ, ನಾದಿನಿ ಇಬ್ಬರದೇ ಸಂಸಾರ. ಹೊಲಿಗೆ ಮಾಡುತ್ತಿದ್ದ ಅತ್ತಿಗೆಗೆ ಈಗ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣುವುದಿಲ್ಲ. ಒಲೆ ಉರಿಯುವುದು ಈ ಕೆಲಸದಿಂದ.

ಆ ಕೆಲಸವೇ ಈಗ ಅಲುಗಾಡುತ್ತಿದೆ. ಗಾಳಿ ಇಳಿಸಲು ಒಪ್ಪಲಿಲ್ಲವೆಂದು ಈ ತಿಂಗಳು ಎರಡು ದೂರು ಬಂದಿವೆ. ಇನ್ನೊಂದು ಬಂದರೆ, ಗಿರಾಕಿಗಳೇ ಗುಂಡಿ ಒತ್ತಿಕೊಳ್ಳುವ ಯಂತ್ರ ತರಿಸುವುದಾಗಿ ಮಾಲೀಕರು ಹೇಳಿದ್ದಾರೆ.

"ಗಾಳಿ ಏನು ನಿಮ್ಮಪ್ಪನ ಮನೇದಾ ಅಕ್ಕಾ? ಬಿಟ್ರೆ ಏನು ಗಂಟು ಹೋಗುತ್ತೆ?" ಪೆಟ್ರೋಲ್ ಹಾಕುವವನು ಕೆಣಕುತ್ತಾನೆ.

"ನಿನ್ನ ಬಾಯಿಂದ ದಿನಾ ಹೋಗೋ ಗಾಳಿನೇ ಸಾಕು, ಸುಮ್ನಿರು."

ಮಧ್ಯಾಹ್ನ. ಬಿಳಿ ಕಾರೊಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಶೂ ಬಿಚ್ಚದೆ ನಿದ್ದೆ ಹೋದ ಮಗು, ಅದರ ತಲೆಗೆ ತೊಡೆ ಕೊಟ್ಟು ಕೂತ ಅಜ್ಜಿ. ಮೂವತ್ಮೂರು ಇರಬೇಕಾದಲ್ಲಿ ಮೀಟರು ಮೂವತ್ತೆಂಟು ತೋರಿಸುತ್ತದೆ.

"ಸ್ವಲ್ಪ ಇಳಿಸಿಬಿಡಮ್ಮ. ನಾಳೆ ಬೆಳಿಗ್ಗೆ ದೂರ ಹೋಗ್ಬೇಕು. ಮಗು ಇದೆ, ಒಡೆದ್ರೆ ಕಷ್ಟ" ಎನ್ನುತ್ತಾರೆ ಕಾರು ಓಡಿಸಿಕೊಂಡು ಬಂದವರು.

"ಓಡಿ ಬಂದಿದೆ ಸಾರ್, ಬಿಸಿ ಇದೆ. ಹಾಗೇ ಇರ್ಲಿ. ಬೆಳಿಗ್ಗೆ ಹೊರಡೋ ಮುಂಚೆ ನೋಡೋಣ."

"ಹೆದರಿಕೆ ಆಗುತ್ತಮ್ಮ, ಇಳಿಸಿ."

ಆತ ಒಳ್ಳೆಯ ಮನುಷ್ಯ, ದನಿ ಏರಿಸುವುದಿಲ್ಲ. ಮಾಲೀಕರು ಕೊಠಡಿಯಿಂದ ಹೊರಬಂದು ಅಕ್ಕನ ಹಿಂದೆ ನಿಲ್ಲುತ್ತಾರೆ. ಅಕ್ಕ ಒಮ್ಮೆ ಅವರ ಚಪ್ಪಲಿ ನೋಡುತ್ತಾರೆ, ಒಮ್ಮೆ ಮಗುವನ್ನು. ಬಾಗಿ, ವಾಲ್ವಿನ ಕಡ್ಡಿ ಒತ್ತುತ್ತಾರೆ. ಗಾಳಿ ಬಿಸಿಯಾಗಿ ಬೆರಳಿಗೆ ತಾಗುತ್ತದೆ. ನಾಲ್ಕೂ ಚಕ್ರ.

"ನಾಳೆ ಹೊರಡೋ ಮುಂಚೆ ಒಂದ್ಸಲ ಬನ್ನಿ ಸಾರ್. ಬೆಳಕಾಗೋ ಮುಂಚೆನೇ ನಾನು ಇಲ್ಲಿರ್ತೀನಿ."

"ನೋಡೋಣಮ್ಮ" ಎನ್ನುತ್ತಾ ಆತ ಗಾಜು ಏರಿಸುತ್ತಾರೆ.

ಕಾರು ರಸ್ತೆಯ ಗುಂಪಿನಲ್ಲಿ ಬೆರೆಯುವವರೆಗೂ ಅಕ್ಕ ಕೂತೇ ಇದ್ದಾರೆ. ಆಮೇಲೆ ನೆಲಕ್ಕೆ ಕೈಯೂರಿ ಏಳುತ್ತಾರೆ.

"ಯಂತ್ರ ಬಂದಿದ್ರೂ ಅವರು ಇಳಿಸ್ಕೊಳ್ತಿದ್ರು. ಆದ್ರೆ ಆ ಕೈ ನನ್ನದಾಗಿರ್ತಿರಲಿಲ್ಲ" ಎನ್ನುತ್ತಾರೆ. "ಸಂಜೆ ಅತ್ತಿಗೆಗೆ ನಾನೇ ಹೇಳ್ತೀನಿ. ಬೇರೆಯವರ ಬಾಯಿಂದ ಕೇಳೋದು ಬೇಡ."

ಅತ್ತಿಗೆಗೆ ಕೊಟ್ಟ ಮಾತು ಮುರಿದಿದೆ.